ಲಿವರ್‌ನ ರಕ್ತನಾಳ ಮುಚ್ಚುವ ಚಿಕಿತ್ಸೆ: ‘ಹೊಸ ವಸ್ತು’ ಎಂದರೆ ಹೆಚ್ಚು ಒಳ್ಳೆಯದೇ?

ಲಿವರ್ ಕ್ಯಾನ್ಸರ್ ಇರುವವರಿಗೆ ‘ಗಡ್ಡೆಯ ರಕ್ತನಾಳ ಬಂದ್ ಮಾಡುತ್ತೇವೆ’ ಎಂದು ವೈದ್ಯರು ಹೇಳಿದರೆ ಮನೆಯವರು ಗಾಬರಿಯಾಗುವುದು ಸಹಜ. ‘ಹೊಸ ವಸ್ತುವಿನ ಟ್ರಯಲ್’ ಎಂದರೆ ಇನ್ನೂ ಗಾಬರಿ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಸತ್ತಾಗ ಐವಿ ದ್ರಾವಣದ ಮೇಲೆ ಅನುಮಾನ ಬಂದಿತ್ತು. ಅದು ಟ್ರಯಲ್ ಅಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ರಕ್ತದೊಳಗೆ ಏನು ಹೋಗುತ್ತಿದೆ ಎಂದು ಕೇಳುವುದು ನ್ಯಾಯವೇ.

ರಕ್ತ ನಿಲ್ಲಿಸಿದರೆ ಲಿವರ್ ಸಾಯುವುದಿಲ್ಲವೇ? ಸಿರುಗುಪ್ಪದ ಕಡೆ ಕಾಲುವೆ ನೀರು, ಬೋರ್‌ವೆಲ್ ಎರಡೂ ಇರುವ ಗದ್ದೆಯನ್ನು ನೆನೆಸಿಕೊಳ್ಳಿ. ಲಿವರ್‌ಗೂ ರಕ್ತ ಎರಡು ಕಡೆಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ನಾಳದಿಂದ, ಉಳಿದದ್ದು ಅಪಧಮನಿಯಿಂದ. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಗಡ್ಡೆ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ನಂಬಿರುತ್ತದೆ. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ತೆಳು ಕೊಳವೆ ತೂರಿಸಿ ಗಡ್ಡೆಗೆ ಹೋಗುವ ಕವಲನ್ನಷ್ಟೇ ಮುಚ್ಚುತ್ತಾರೆ. ಕೀಮೋ ಔಷಧಿಯನ್ನೂ ಅಲ್ಲೇ ಬಿಟ್ಟರೆ ಅದಕ್ಕೆ ‘ಟೇಸ್’ ಎನ್ನುತ್ತಾರೆ. ಆಯ್ದ ರೋಗಿಗಳು ಇದರಿಂದ ಹೆಚ್ಚು ಕಾಲ ಬದುಕುತ್ತಾರೆ ಎಂದು ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಎರಡು ಅಧ್ಯಯನಗಳು 2002ರಲ್ಲಿ ತೋರಿಸಿದವು. ‘ಆಯ್ದ’ ಎಂಬ ಪದ ಮುಖ್ಯ. ಪೋರ್ಟಲ್ ನಾಳ ಮೊದಲೇ ಕಟ್ಟಿಕೊಂಡಿದ್ದರೆ ಅಥವಾ ಲಿವರ್ ತೀರಾ ಸೋತಿದ್ದರೆ ಇದು ಅಪಾಯಕಾರಿ.

ಮುಚ್ಚಲು ಬಳಸುವುದು ಕೆಲವು ವಾರಗಳಲ್ಲಿ ಕರಗುವ ಜೆಲಟಿನ್ ಸ್ಪಂಜು, ಕರಗದ ಪ್ಲಾಸ್ಟಿಕ್ ಕಣ, ಔಷಧಿ ತುಂಬಿದ ಮಣಿ ಮುಂತಾದವು. ಟೇಸ್‌ನಲ್ಲಿ ಔಷಧಿ ಬೆರೆಸುವ ಲಿಪಿಯೋಡಾಲ್ ಅಂತೂ ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ! ಮಣಿಗಳು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತ ಚಿಕ್ಕವು. ತೀರಾ ಸಣ್ಣದಾದರೆ ಜಾರಿ ಶ್ವಾಸಕೋಶ ಸೇರಬಹುದು, ದೊಡ್ಡದಾದರೆ ಗಡ್ಡೆಯ ಒಳಗೆ ಹೋಗುವುದೇ ಇಲ್ಲ. ಅದಕ್ಕೇ ಹೊಸ ವಸ್ತುವನ್ನು ಮೊದಲು ಪ್ರಯೋಗಾಲಯದಲ್ಲಿ, ಆಮೇಲೆ ಹಂದಿ, ಮೊಲಗಳಲ್ಲಿ, ನಂತರ ಕೆಲವೇ ರೋಗಿಗಳಲ್ಲಿ ನೋಡುತ್ತಾರೆ. ಕೊನೆಗೆ ಹಳೆಯದರ ಜೊತೆ ಹೋಲಿಕೆ.

ಹೊಸದು ಗೆದ್ದೇ ಗೆಲ್ಲುತ್ತದೆ ಎಂದೇನಿಲ್ಲ. 2010ರಲ್ಲಿ ಪ್ರಕಟವಾದ ‘ಪ್ರಿಸಿಷನ್ ಫೈವ್’ ಟ್ರಯಲ್‌ನಲ್ಲಿ 212 ರೋಗಿಗಳಿದ್ದರು. ಆರು ತಿಂಗಳ ನಂತರ ಗಡ್ಡೆ ಸ್ಪಂದಿಸಿದ ಪ್ರಮಾಣ ಔಷಧಿ ಮಣಿಗಳಲ್ಲಿ ಶೇ. 51.6, ಹಳೇ ವಿಧಾನದಲ್ಲಿ ಶೇ. 43.5. ಕೇಳಲು ದೊಡ್ಡ ಅಂತರ, ಆದರೆ ಲೆಕ್ಕಶಾಸ್ತ್ರದ ಪ್ರಕಾರ ಅದು ಆಕಸ್ಮಿಕವೂ ಇರಬಹುದಿತ್ತು. ಲಿವರ್‌ಗೆ ಆಗುವ ಗಂಭೀರ ತೊಂದರೆ ಮಾತ್ರ ಮಣಿಗಳಲ್ಲಿ ಕಡಿಮೆಯಿತ್ತು. ನಮ್ಮ ಪ್ರಕಾರ ಅದೇ ನಿಜವಾದ ಲಾಭ. ‘ಹೊಸ ಮಣಿಯಿಂದ ಕ್ಯಾನ್ಸರ್ ಮಾಯ’ ಎಂದು ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ.

ಕುರುಗೋಡಿನಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೋದವರ ಮುಂದೆ ಟ್ರಯಲ್ ಫಾರಂ ಬಂದರೆ, ಅದನ್ನು ಅವರಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು. ಒಪ್ಪದಿದ್ದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಮಧ್ಯದಲ್ಲಿ ಬಿಟ್ಟು ಬರಲೂಬಹುದು. ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂಬ ನಿಯಮವಿದೆ. ಸಹಿ ಹಾಕುವ ಮೊದಲು ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಆ ಸರ್ಕಾರಿ ಜಾಲತಾಣವನ್ನು ಮೊಬೈಲ್‌ನಲ್ಲೇ ಯಾರು ಬೇಕಾದರೂ ತೆರೆದು ನೋಡಬಹುದು.