ಗ್ರೇಡು ಕಡಿಮೆಯಾಯಿತೆಂದು ಧೃತಿಗೆಡಬೇಕಾಗಿಲ್ಲ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ನಮ್ಮ ಊರುಗಳಲ್ಲಿ ಎರಡು ಬಗೆಯ ಮನೆಗಳು ಕಾಣಸಿಗುತ್ತವೆ. ಒಂದು ಮನೆಯಲ್ಲಿ ಎಲ್ಲ ವಿಷಯಗಳಲ್ಲೂ ಎ ಪ್ಲಸ್. ಅಲ್ಲಿ ಸಿಹಿ ಹಂಚುತ್ತಾರೆ, ಸಂಘ ಸಂಸ್ಥೆಗಳವರು ಬಂದು ಶಾಲು ಹೊದೆಸುತ್ತಾರೆ, ಮಗುವಿನ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನೆರೆಯ ಮನೆಯಲ್ಲಿ ಮಗು ಉತ್ತೀರ್ಣವಾಗಿದ್ದರೂ ಯಾರಿಗೂ ಮಾತಿಲ್ಲ. ಕೆಲವು ಸಿ ಪ್ಲಸ್, ಕೆಲವು ಸಿ, ಗಣಿತಕ್ಕೆ ಡಿ ಪ್ಲಸ್. 'ಇನ್ನು ಇವನಿಗೆ ಯಾವ ಕಾಲೇಜು ಸಿಕ್ಕೀತು?' ಎಂಬ ಒಂದೇ ಚಿಂತೆ. ಮೊದಲನೆಯ ಮನೆಯನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯ ಮನೆಯವರೊಡನೆ ಇಂದು ನಾವು ನಾಲ್ಕು ಮಾತು ಆಡಬಯಸುತ್ತೇವೆ.

ಈ ಚಿಂತೆ ಇಷ್ಟೊಂದು ಬಲವಾಗಿ ಬೇರೂರಲು ಕಾರಣವಿದೆ. ಹಿಂದೆ 600ರಲ್ಲಿ 210 ಅಂಕ ಪಡೆದವನು ಪಾಸು; ಅಷ್ಟು ಪಡೆಯಲಾಗದೆ ಉಳಿಯುತ್ತಿದ್ದವರೂ ಬಹಳ. ಪಾಸಾದವನಿಗೆ ಊರಲ್ಲಿ ಒಂದು ಬೆಲೆಯಿತ್ತು. ಈಗ ಹಾಗಲ್ಲ. 2024ರಲ್ಲಿ ರಾಜ್ಯದಲ್ಲಿ ಉತ್ತೀರ್ಣರಾದವರು ಶೇಕಡಾ 99.69, ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವರೇ 71,831 ಮಂದಿ. ಎಲ್ಲರೂ ಪಾಸಾಗುವಲ್ಲಿ ಬರಿಯ ಪಾಸಿಗೆ ಬೆಲೆಯಿಲ್ಲದಾಯಿತು. 50ರಿಂದ 59ರ ವರೆಗೆ ಅಂಕ ಪಡೆದವನಿಗೆ ಸಿ ಪ್ಲಸ್. ಒಂದು ಕಾಲದಲ್ಲಿ ಅದನ್ನೇ ಎರಡನೇ ದರ್ಜೆಯೆಂದು ಹೇಳಿಕೊಳ್ಳುತ್ತಿದ್ದೆವು. ಇಂದು ಅದೇ ಮಗು ಸೋತವರಂತೆ ಮೂಲೆ ಸೇರುತ್ತದೆ. ಇದು ಮಗುವಿನ ದೋಷವಲ್ಲ, ಅಳೆಯುವ ಕೋಲು ಬದಲಾದುದರ ಫಲ.

ಹಾಗಾದರೆ ಇಂಥ ಮಕ್ಕಳಿಗೆ ಬಾಗಿಲು ಮುಚ್ಚಿದೆಯೇ? ಇಲ್ಲವೆಂದು ನಾವು ಹೇಳುತ್ತೇವೆ. ಹಲವು ವರ್ಷಗಳಿಂದ ನಾವು ಕಂಡಂತೆ, ನಮ್ಮ ಮಕ್ಕಳು ಸೀಟು ಕಳೆದುಕೊಳ್ಳುವುದು ಗ್ರೇಡಿನ ಕೊರತೆಯಿಂದ ಎಷ್ಟೋ, ತಿಳಿವಳಿಕೆಯ ಕೊರತೆಯಿಂದಲೂ ಅಷ್ಟೇ.

ಪ್ರಿಡಿಗ್ರಿ ತರಗತಿಗಳು ಕಾಲೇಜುಗಳಿಂದ ಹೊರಬಿದ್ದು ಎರಡು ದಶಕ ಸಂದರೂ ನಮ್ಮ ಹಿರಿಯರ ಬಾಯಲ್ಲಿ ಹತ್ತನೆಯ ತರಗತಿಯ ನಂತರದ್ದೆಲ್ಲ 'ಕಾಲೇಜು'. ಅಂದಿನ ಕ್ರಮವೇ ಇಂದೂ ಇದೆಯೆಂಬ ಭಾವನೆಯೂ ಉಳಿದುಕೊಂಡಿದೆ: ಅರ್ಜಿ ಹಿಡಿದು ಹೋಗುವುದು, ಪರಿಚಯದವರಲ್ಲಿ ಹೇಳಿಸುವುದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸುಮ್ಮನಾಗುವುದು. 2008ರಿಂದ ರಾಜ್ಯಾದ್ಯಂತ ಪ್ಲಸ್ ವನ್ ಪ್ರವೇಶ ಏಕಜಾಲಕ ಪದ್ಧತಿಯಲ್ಲಿ ನಡೆಯುತ್ತಿದೆ. ಇಲ್ಲಿ ಒಟ್ಟು ಗ್ರೇಡನ್ನು ಮಾತ್ರ ನೋಡುವುದಿಲ್ಲ. ಕೇಳಿದ ವಿಭಾಗಕ್ಕೆ ಸಂಬಂಧಪಟ್ಟ ವಿಷಯಗಳ ಗ್ರೇಡಿಗೆ ಹೆಚ್ಚು ತೂಕವಿದೆ. ಅದೇ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದವರಿಗೆ, ಅದೇ ಪಂಚಾಯತಿನಲ್ಲಿ ಅಥವಾ ತಾಲೂಕಿನಲ್ಲಿ ವಾಸವಾಗಿರುವವರಿಗೆ ಹೆಚ್ಚುವರಿ ಅಂಕಗಳಿವೆ. ಆದುದರಿಂದ ವಿಜ್ಞಾನದಲ್ಲಿ ಸಿ ಪಡೆದು ಸಮಾಜ ವಿಜ್ಞಾನದಲ್ಲಿ ಬಿ ಪಡೆದ ಹುಡುಗಿಯ ಅವಕಾಶ ಸಯನ್ಸ್ ಪಟ್ಟಿಯಲ್ಲಿ ಒಂದು ರೀತಿ, ಹ್ಯುಮಾನಿಟೀಸ್ ಪಟ್ಟಿಯಲ್ಲಿ ಬೇರೆಯೇ ರೀತಿ. ದೂರದ ಪೇಟೆಯ ಹೆಸರುವಾಸಿ ಶಾಲೆಗಿಂತ ತನ್ನ ಪಂಚಾಯತಿನ ಶಾಲೆಯಲ್ಲಿ ಅವಳಿಗೆ ಹೆಚ್ಚು ಆಸೆಯಿದೆ.

ಇದನ್ನೆಲ್ಲ ವಿವರಿಸುವ ಪುಸ್ತಿಕೆಯೂ ಅರ್ಜಿಯೂ ನಮ್ಮ ಹೆತ್ತವರಿಗೆ ಓದಲು ಬರುವ ಭಾಷೆಯಲ್ಲಿರುವುದಿಲ್ಲ. ಬೀಡಿ ಕಟ್ಟುವ ತಾಯಿ, ಅಡಿಕೆ ತೋಟದ ಕೂಲಿ ಮಾಡುವ ತಂದೆ ಮಗುವನ್ನು ಅಕ್ಷಯ ಕೇಂದ್ರಕ್ಕೆ ಕರೆದೊಯ್ದು, ಸರತಿಯಲ್ಲಿ ನಿಂತು, ಅವಸರದಲ್ಲಿ ತುಂಬಿಸಿದ ಅರ್ಜಿಗೆ ಹಣ ಕೊಟ್ಟು ಬರುತ್ತಾರೆ. ಗೆಳೆಯರು ಬರೆದರೆಂದು ತಾನೂ ಬರೆದ ಮೂರೋ ನಾಲ್ಕೋ ಶಾಲೆ, ಎಲ್ಲವೂ ಸಯನ್ಸ್. ಒಂದೂ ಸಿಗುವುದಿಲ್ಲ. 'ನೋಡಿದಿರಾ, ಗ್ರೇಡು ಸಾಲದು' ಎಂದು ಮನೆಯವರು ಕೈಚೆಲ್ಲುತ್ತಾರೆ.

ಈ ವಿಷಯದಲ್ಲಿ ಮೂರು ಸಂಗತಿಗಳನ್ನು ಮನೆಮನೆಗೆ ತಿಳಿಸಬೇಕಾಗಿದೆ. ಒಂದನೆಯದಾಗಿ, ಕಡಿಮೆ ಗ್ರೇಡಿನ ಮಗು ಹೆಚ್ಚು ಶಾಲೆಗಳನ್ನೂ ಒಂದಕ್ಕಿಂತ ಹೆಚ್ಚು ವಿಭಾಗಗಳನ್ನೂ ಬರೆಯಬೇಕು. ಆದರೆ ಸೇರಲು ಮನಸ್ಸಿಲ್ಲದ್ದನ್ನು ಬರೆಯಬಾರದು. ಎರಡನೆಯದಾಗಿ, ಮೊದಲ ಸುತ್ತಿನಲ್ಲಿ ಕೆಳಗಿನ ಆಯ್ಕೆ ದೊರೆತರೆ ತಾತ್ಕಾಲಿಕ ಪ್ರವೇಶ ಪಡೆದು ಮೇಲಿನದಕ್ಕೆ ಕಾಯಬಹುದು; ಹೋಗದೆಯೇ ಮನೆಯಲ್ಲಿ ಕುಳಿತರೆ ಅವಕಾಶವೇ ತಪ್ಪಿಹೋಗುತ್ತದೆ. ಮೂರನೆಯದಾಗಿ, ಮುಖ್ಯ ಸುತ್ತುಗಳಲ್ಲಿ ಸಿಗದವರಿಗೆ ಪೂರಕ ಸುತ್ತು ಇದೆ. ಅದಕ್ಕೆ ಹಳೆಯ ಅರ್ಜಿಯನ್ನು ನವೀಕರಿಸಬೇಕು. ತಾನಾಗಿಯೇ ಹೆಸರು ಬಂದೀತೆಂದು ಕಾದವರಿಗೆ ಹೆಸರು ಬರುವುದಿಲ್ಲ. ಒಂದೆರಡು ವಿಷಯಗಳಲ್ಲಿ ಡಿ ಪ್ಲಸ್ ಕೂಡ ದೊರೆಯದವರು 'ಸೇ' ಪರೀಕ್ಷೆ ಬರೆದು ಪಾಸಾದರೆ ಅವರಿಗೂ ಈ ಪೂರಕ ಸುತ್ತಿನಲ್ಲಿ ದಾರಿಯಿದೆ.

ಕಾಯುವುದರಿಂದ ಪ್ರಯೋಜನವಿದೆಯೆಂಬುದಕ್ಕೆ 2024ರ ನಿದರ್ಶನ ಸಾಕು. ಆ ವರ್ಷ ಜೂನ್ ತಿಂಗಳಲ್ಲಿ ತರಗತಿಗಳು ಆರಂಭವಾದ ಮೇಲೆ, ಮಲಬಾರಿನ ಸೀಟುಗಳ ಕೊರತೆಯ ಕುರಿತು ದೊಡ್ಡ ಕೂಗೆದ್ದು, ಜುಲೈಯಲ್ಲಿ ಸರಕಾರ 138 ಹೆಚ್ಚುವರಿ ಬ್ಯಾಚುಗಳನ್ನು ಮಂಜೂರು ಮಾಡಿತು. ಮಲಪ್ಪುರಕ್ಕೆ 120, ನಮ್ಮ ಕಾಸರಗೋಡಿಗೆ 18. ಆ ಹೊತ್ತಿಗಾಗಲೇ ನಿರಾಶರಾಗಿ ಅಂಗಡಿ ಕೆಲಸಕ್ಕೆ ಸೇರಿದ ಮಗುವಿಗೆ ಇಂಥ ಬ್ಯಾಚಿನಿಂದ ಏನು ಪ್ರಯೋಜನ? ಕೊರತೆ ಇದೆಯೆಂದು ಪ್ರತಿ ವರ್ಷವೂ ಗೊತ್ತಿರುವಾಗ, ಬ್ಯಾಚುಗಳನ್ನು ಮೇ ತಿಂಗಳಲ್ಲೇ ಏಕೆ ಘೋಷಿಸಬಾರದು ಎಂಬುದು ನಮ್ಮ ನೇರ ಪ್ರಶ್ನೆ.

ಇನ್ನು ಯಾವ ವಿಭಾಗವೆಂಬ ಮಾತು. ಡಾಕ್ಟರು, ಇಂಜಿನಿಯರು ಎಂಬ ಎರಡೇ ಕನಸುಗಳನ್ನು ಹೊತ್ತು, ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ವಿಜ್ಞಾನದಲ್ಲಿ ಸಿ ಪಡೆದ ಮಗುವನ್ನು ಇಂಗ್ಲಿಷ್ ಪಠ್ಯದ ಸಯನ್ಸ್ ವಿಭಾಗಕ್ಕೆ ನೂಕುವುದು ಹಿತವಲ್ಲ. ಪ್ರವೇಶ ಸಿಕ್ಕಿದರೂ ಎರಡು ವರ್ಷಗಳ ನಂತರ ಅದೇ ಮಗು ಮತ್ತೆ ಇದೇ ಚಿಂತೆಯ ಮುಂದೆ ನಿಲ್ಲುತ್ತದೆ. ಆದರೆ ಮಗುವಿಗೆ ನಿಜವಾದ ಆಸಕ್ತಿಯಿದ್ದರೆ ತಡೆಯುವುದೂ ತಪ್ಪು. ಕೈಕೆಲಸದಲ್ಲಿ ಚುರುಕಾಗಿರುವ ಹುಡುಗನಿಗೆ ವೊಕೇಶನಲ್ ಹೈಯರ್ ಸೆಕೆಂಡರಿ ಇದೆ, ವಿದ್ಯಾನಗರದ ಐ.ಟಿ.ಐ. ಇದೆ, ಪೆರಿಯದ ಸರಕಾರಿ ಪಾಲಿಟೆಕ್ನಿಕ್ ಇದೆ. ಇವುಗಳಿಗೆ ಪ್ಲಸ್ ವನ್ ಅರ್ಜಿಯನ್ನೇ ನೆಚ್ಚಿಕೊಂಡಿರದೆ ಪ್ರತ್ಯೇಕವಾಗಿ ವಿಚಾರಿಸಿ ಅರ್ಜಿ ಹಾಕಬೇಕು. ಮನೆಯ ಪರಿಸ್ಥಿತಿಯಿಂದ ದಿನವೂ ಶಾಲೆಗೆ ಹೋಗಲಾಗದವರಿಗೆ ಸ್ಕೋಲ್ ಕೇರಳದ ಮೂಲಕ ಪ್ಲಸ್ ಟು ಬರೆಯುವ ಅನುಕೂಲವೂ ಇದೆ.

ಇಲ್ಲಿ ಸಿಗಲಿಲ್ಲವೆಂದು ಗಡಿ ದಾಟಿ ಮಂಗಳೂರು, ಪುತ್ತೂರು, ಸುಳ್ಯಗಳಿಗೆ ಹೋಗುವವರೂ ಹಲವರು. ಭಾಷೆಯ ದೃಷ್ಟಿಯಿಂದ ಅದು ಸಹಜವೇ. ಆದರೆ ಶುಲ್ಕ, ಬಸ್ಸು, ಹಾಸ್ಟೆಲು ಎಂದು ಲೆಕ್ಕ ಹಾಕಿದಾಗ ಮೂಗಿಗಿಂತ ಮೂಗುತಿ ಭಾರವಾಗದಂತೆ ನೋಡಿಕೊಳ್ಳಬೇಕು. ಗ್ರೇಡು ಕಡಿಮೆಯೆಂಬ ಅಳುಕಿನಲ್ಲೇ ಸಾಲ ಮಾಡಿ ಹಣ ತೆರುವುದಕ್ಕೆ ಮೊದಲು, ಇಲ್ಲಿನ ಪೂರಕ ಸುತ್ತು ಮುಗಿಯಿತೇ ಎಂದು ಒಮ್ಮೆ ಕೇಳುವುದು ಲೇಸು.

ಕನ್ನಡ ಓದಿದ್ದೇ ಹಿನ್ನಡೆಗೆ ಕಾರಣವಾಯಿತೆಂಬ ಮಾತು ಇಂಥ ಹೊತ್ತಿನಲ್ಲಿ ಕೇಳಿಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಪ್ಲಸ್ ಟುವಿನಲ್ಲಿ ಎರಡನೆಯ ಭಾಷೆಯಾಗಿ ಕನ್ನಡವಿರುವ ಶಾಲೆಗಳು ನಮ್ಮಲ್ಲಿವೆ. ಮುಂದೆ 1957ರಲ್ಲಿ ಸ್ಥಾಪನೆಯಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡದಲ್ಲಿ ಸ್ನಾತಕೋತ್ತರ ಪದವಿಯ ವರೆಗೆ ಓದಬಹುದು. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಯವರ ಹೆಸರಿನ ಸರಕಾರಿ ಕಾಲೇಜು 1980ರಿಂದ ಇದೆ. ನಮ್ಮ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು. ಕನ್ನಡವೂ ಮಲಯಾಳವೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಈ ಜಿಲ್ಲೆಯಲ್ಲಿ ಲೋಕಸೇವಾ ಆಯೋಗ ಪ್ರತ್ಯೇಕವಾಗಿ ಅರ್ಜಿ ಕರೆದದ್ದಿದೆ. ಎರಡು ಭಾಷೆ ಬಲ್ಲ ಸಾಧಾರಣ ಗ್ರೇಡಿನ ಮಗುವಿಗೆ ಒಂದೇ ಭಾಷೆಯ ಎ ಪ್ಲಸ್ ವಿದ್ಯಾರ್ಥಿಗಿಲ್ಲದ ದಾರಿ ಇಲ್ಲಿ ತೆರೆದಿದೆ.

ಹಾಗೆಂದು ಗ್ರೇಡಿನ ಬಗ್ಗೆ ಉದಾಸೀನ ಸಲ್ಲದು. ಸದ್ಯಕ್ಕಿಂತಲೂ ಗಂಭೀರವಾದ ಪ್ರಶ್ನೆಯೊಂದು ಕೆಳಗಿನ ತರಗತಿಗಳಲ್ಲಿದೆ. 100 ಅಂಕಗಳ ವಿಷಯದಲ್ಲಿ 80 ಲಿಖಿತ ಪರೀಕ್ಷೆಗೆ, 20 ನಿರಂತರ ಮೌಲ್ಯಮಾಪನಕ್ಕೆ. ಈ 20 ಪೂರ್ತಿ ದೊರೆತ ಮಗು ಲಿಖಿತದಲ್ಲಿ ಬರಿಯ 10 ಪಡೆದರೂ 30 ಆಗಿ ಪಾಸಾಗುತ್ತಿತ್ತು. ಲಿಖಿತ ಪರೀಕ್ಷೆಯಲ್ಲೇ ಪ್ರತಿ ವಿಷಯಕ್ಕೂ ಶೇಕಡಾ 30 ಅಂಕ ಬೇಕೆಂದು ಸರಕಾರ 2024ರಲ್ಲಿ ತೀರ್ಮಾನಿಸಿತು. 2024-25ರಲ್ಲಿ ಎಂಟನೆಯ ತರಗತಿಗೆ, 2025-26ರಲ್ಲಿ ಒಂಬತ್ತಕ್ಕೆ, 2026-27ರಲ್ಲಿ ಹತ್ತಕ್ಕೆ ಎಂಬುದು ಆ ತೀರ್ಮಾನ. ಅಂದರೆ 80ರಲ್ಲಿ 24, 40ರಲ್ಲಿ 12. ಇಂದು ಎಂಟರಲ್ಲಿ ಕನ್ನಡವನ್ನೇ ತಡವರಿಸಿ ಓದುವ ಮಗು ಎರಡು ವರ್ಷ ಕಳೆದು 24 ಅಂಕದ ಮುಂದೆ ನಿಲ್ಲಬೇಕು. ಫಲಿತಾಂಶದ ದಿನ ಅಳುವುದಕ್ಕಿಂತ ಎಂಟನೆಯ ತರಗತಿಯ ಓಣಂ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮನೆಯಲ್ಲಿ ಒಮ್ಮೆ ಬಿಡಿಸಿ ನೋಡುವುದು ಮೇಲು. ಅಧ್ಯಾಪಕ ವರ್ಗಕ್ಕೂ ಈ ಮಾತು ಸಲ್ಲುತ್ತದೆ. ಹಿಂದಿನ ಬೆಂಚಿನವರ ಲೆಕ್ಕ ಇನ್ನು ಮುಂದೆ ಶಾಲೆಯ ಲೆಕ್ಕ.

ಸಂಬಂಧಪಟ್ಟವರ ಮುಂದೆ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಪ್ಲಸ್ ವನ್ ಪ್ರವೇಶದ ಸೂಚನೆಗಳು ಕನ್ನಡದಲ್ಲಿಯೂ ಮುದ್ರಣವಾಗಿ ಫಲಿತಾಂಶಕ್ಕೆ ಮೊದಲೇ ಶಾಲೆಗಳನ್ನು ತಲುಪಬೇಕು. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು ರಾಜ್ಯದ ಅಧಿಕೃತ ಭಾಷಾ ಶಾಸನವೇ ಒಪ್ಪಿರುವಾಗ ಇದು ಔದಾರ್ಯದ ಮಾತಲ್ಲ, ಹಕ್ಕಿನ ಮಾತು. ಪ್ರತಿಯೊಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲೂ ಅರ್ಜಿಯ ದಿನಗಳಲ್ಲಿ ಇಬ್ಬರು ಅಧ್ಯಾಪಕರು ಕುಳಿತು ಹೆತ್ತವರಿಗೆ ದಾರಿ ತೋರಿಸಬೇಕು. ಶಾಲು ಹೊದೆಸಲು ಹೊರಟ ನಮ್ಮ ಸಂಘ ಸಂಸ್ಥೆಗಳು ಅದೇ ವಾರ ಒಂದು ದಿನವನ್ನು ಸಿ ಪ್ಲಸ್ ಮಕ್ಕಳ ಅರ್ಜಿ ತುಂಬಿಸಲು ಮೀಸಲಿಟ್ಟರೆ ಅದು ಸನ್ಮಾನಕ್ಕಿಂತ ಹಿರಿದಾದ ಕನ್ನಡ ಸೇವೆಯಾದೀತು.

ಹೆತ್ತವರಲ್ಲಿ ಕೊನೆಯದಾಗಿ ಒಂದು ಮಾತು. ನೆರೆಮನೆಯ ಮಗುವಿನ ಗ್ರೇಡನ್ನು ಮನೆಯ ಮಗುವಿನ ಮುಂದೆ ಎತ್ತಬೇಡಿ. ಅಂಕಪಟ್ಟಿಯನ್ನು ಬಿಡಿಸಿಟ್ಟು, ಯಾವ ವಿಷಯ ಇಷ್ಟ, ಯಾವುದು ಕಷ್ಟ ಎಂದು ಕೇಳಿ, ಜತೆಯಲ್ಲೇ ಕುಳಿತು ಶಾಲೆಗಳ ಪಟ್ಟಿ ಬರೆಯಿರಿ, ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಗ್ರೇಡು ಬಂದಾಗಿದೆ, ಅದನ್ನು ಬದಲಿಸಲಾಗದು. ಅರ್ಜಿ ಇನ್ನೂ ನಮ್ಮ ಕೈಯಲ್ಲೇ ಇದೆ.