ಹಾಲು, ಟೀ, ಬೆಲ್ಲ ಮತ್ತು ಮಂಜುಗಡ್ಡೆ

ಸಂತೆಬಾಚಹಳ್ಳಿಯ ಕಡೆಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಬೇಸಗೆಯ ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ‘ಐಸ್ಡ್ ಟೀ ಲಾಟೆ’ ಎಂಬ ಪಾನೀಯವನ್ನು ಬಯಸಿದರಂತೆ. ಮನೆಯಲ್ಲಿದ್ದ ಅಚ್ಚುಬೆಲ್ಲವನ್ನೇ ಹಾಕಿ ಇವರು ಮಾಡಲು ಹೋದಾಗ ಹಾಲು ಒಡೆದು ನೀರೇ ಬೇರೆ, ಗಿಣ್ಣೇ ಬೇರೆ ಆಯಿತಂತೆ. ‘ಇದನ್ನು ಮನೆಯಲ್ಲಿ ಮಾಡುವ ಕ್ರಮ ಯಾವುದು? ಮಕ್ಕಳಿಗೂ ಸೊಸೆಯಂದಿರಿಗೂ ಇದನ್ನು ಕೊಡಬಹುದೆ?’ ಎಂಬುದು ಅವರ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ತುಸು ವಿಚಾರ ಮಾಡಬೇಕಾದ ಸಂಗತಿ.

ಹೆಸರಿಗೆ ಹೆದರಬೇಕಾಗಿಲ್ಲ. ‘ಲಾಟೆ’ ಎಂದರೆ ಇಟಲಿಯ ಭಾಷೆಯಲ್ಲಿ ಹಾಲು, ಅಷ್ಟೆ. ಆ ದೇಶದ ಹೋಟೆಲಿನಲ್ಲಿ ಬರಿಯ ‘ಲಾಟೆ’ ಎಂದು ಕೇಳಿದರೆ ಒಂದು ಲೋಟ ಹಾಲನ್ನೇ ತಂದಿಡುತ್ತಾರೆ. ಹಾಲು ಬೆರೆಸಿದ ಟೀಯನ್ನು ತಣಿಸಿ, ಮೇಲೆ ನೊರೆ ಬರಿಸಿದರೆ ಅದೇ ಈ ಪಾನೀಯ. ಮಂಡ್ಯ ಸೀಮೆಯವರು ಟೀ ಎನ್ನುತ್ತೇವೆ, ಧಾರವಾಡದ ಕಡೆಯವರು ಚಹಾ ಎನ್ನುತ್ತಾರೆ. ಎರಡೂ ಚೀನಾದಿಂದಲೇ ಬಂದ ಶಬ್ದಗಳು: ಕಡಲ ದಾರಿಯಲ್ಲಿ ಹೋದದ್ದು ‘ಟೀ’ ಆಯಿತು, ನೆಲದ ದಾರಿಯಲ್ಲಿ ಬಂದದ್ದು ‘ಚಹಾ’ ಆಯಿತು ಎಂದು ಭಾಷಾವಿದರು ಹೇಳುತ್ತಾರೆ.

ತಂಪು ಪಾನೀಯವೇನೂ ನಮಗೆ ಹೊಸದಲ್ಲ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಗಳಿಗಾಗಿ ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿಯೇ ಇದೆ. ಜಾತ್ರೆಯ ದಿನ ಪಾನಕದ ಕೊಳಗವಿಲ್ಲದ ಊರು ಉಂಟೆ? ಹೊಸದಾಗಿ ಬಂದದ್ದು ಮಂಜುಗಡ್ಡೆ. 1833ರಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಹಡಗಿನಲ್ಲಿ, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟ ಕೆರೆಯ ಮಂಜುಗಡ್ಡೆಯನ್ನು ತಿಂಗಳುಗಟ್ಟಲೆ ಸಾಗಿಸಿ ಕಲ್ಕತ್ತೆಯಲ್ಲಿ ಇಳಿಸಿದರು. ಮದರಾಸಿನಲ್ಲಿ ಇದಕ್ಕಾಗಿಯೇ ಕಟ್ಟಿಸಿದ ‘ಐಸ್ ಹೌಸ್’ ಎಂಬ ದುಂಡು ಗೋಡೆಯ ಕಟ್ಟಡದಲ್ಲಿಯೇ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಅದು ಇಂದಿಗೂ ಅವರ ಹೆಸರಿನಲ್ಲಿ ನಿಂತಿದೆ. ಅಂದು ದೊರೆಗಳಿಗೆ ಮಾತ್ರ ದಕ್ಕಿದ ವಸ್ತು ಇಂದು ಹಳ್ಳಿಯ ಮನೆಯ ಫ್ರಿಜ್ಜಿನಲ್ಲಿ ತಾನಾಗಿ ಆಗುತ್ತಿದೆ.

ಈಗ ಹಾಲು ಒಡೆದ ವಿಚಾರ. ತಾಯಿಯವರು ಹಾಲನ್ನು ಒಲೆಯ ಮೇಲೆ ಇಟ್ಟೇ ಬೆಲ್ಲ ಹಾಕಿರಬೇಕು. ಬೆಲ್ಲದಲ್ಲಿ ಸಕ್ಕರೆಯಲ್ಲಿ ಇಲ್ಲದ ಲವಣಾಂಶಗಳೂ ತುಸು ಹುಳಿಯ ಅಂಶವೂ ಇರುತ್ತವೆ. ಹಾಲು ತಣ್ಣಗಿರುವಾಗ ಅಷ್ಟು ಹುಳಿಯನ್ನು ತಾಳಿಕೊಳ್ಳುತ್ತದೆ, ಕುದಿಯುವಾಗ ತಾಳದು. ಬೆಲ್ಲ ಹಳೆಯದಾಗಿ, ಮಳೆಗಾಲದಲ್ಲಿ ನೀರೊಡೆದದ್ದಾಗಿದ್ದರೆ ಹುಳಿ ಇನ್ನೂ ಹೆಚ್ಚು. ಪಾಯಸ ಮಾಡುವ ಮನೆಗಳಲ್ಲಿ ಬೆಲ್ಲ ಹಾಕಿದ ಮೇಲೆ ಪಾತ್ರೆಯನ್ನು ಇಳಿಸಿ, ಆರಿದ ನಂತರವೇ ಹಾಲು ಬೆರೆಸುವ ರೂಢಿ ಈ ಕಾರಣದಿಂದಲೇ ಬಂದದ್ದು. ಬಿಸಿ ಟೀಗೆ ಬೆಲ್ಲ ಹಾಕುವುದೆಂದರೆ ಪ್ರತಿದಿನದ ಅದೃಷ್ಟ ಪರೀಕ್ಷೆ. ತಣ್ಣನೆಯ ಟೀಗಾದರೋ ಆ ಭಯವೇ ಇಲ್ಲ. ಪಟ್ಟಣದ ಈ ಹೊಸ ಪಾನೀಯ ಆಲೆಮನೆಯ ಸೀಮೆಗೆ ಬಿಸಿ ಟೀಗಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದು ಒಂದು ವಿನೋದವೇ ಸರಿ.

ಬೆಲ್ಲದ ಬಣ್ಣದ ಬಗೆಗೂ ಒಂದು ಮಾತು. ಹೊಂಬಣ್ಣದಲ್ಲಿ ಹೊಳೆಯುವ ಬೆಲ್ಲವನ್ನೇ ಸಂತೆಯಲ್ಲಿ ಜನ ಆರಿಸುತ್ತಾರೆ, ಆ ಹೊಳಪನ್ನು ತರಿಸಲು ಆಲೆಮನೆಗಳಲ್ಲಿ ರಾಸಾಯನಿಕ ಪುಡಿ ಬೆರೆಸುವ ಚಾಳಿ ಬಂದಿದೆ. ತುಸು ಕಪ್ಪಗಿರುವ ಬೆಲ್ಲವನ್ನು ಕೇಳಿ ಕೊಳ್ಳಿರಿ. ಟೀಯಲ್ಲಿ ಬಣ್ಣದ ಚಿಂತೆ ಹೇಗೂ ಇಲ್ಲ.

ಮಾಡುವ ಕ್ರಮವನ್ನು ನಾಲ್ಕು ಮಂದಿಯ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಲೋಟ, ಎಂದರೆ ಸುಮಾರು 400 ಮಿಲಿ ಲೀಟರ್ ನೀರಿಗೆ ಹೆಬ್ಬೆರಳಿನ ತುದಿಯಷ್ಟು ಶುಂಠಿಯನ್ನು ಜಜ್ಜಿ, ಎರಡು ಏಲಕ್ಕಿಯನ್ನು ಬಿಡಿಸಿ ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಬೇಕು. ಶುಂಠಿಯನ್ನು ನೀರಿನಲ್ಲಿ ಮೊದಲೇ ಕುದಿಸುವುದನ್ನು ಮರೆಯಬಾರದು. ಹಸಿ ಶುಂಠಿಯ ರಸದಲ್ಲಿ ಹಾಲನ್ನು ಗಟ್ಟಿಮಾಡುವ ಗುಣವಿದೆ, ಕುದಿಸಿದರೆ ಮಾತ್ರ ಅದು ಅಡಗುತ್ತದೆ. (ಚೀನಾದ ದಕ್ಷಿಣ ಭಾಗದವರು ಈ ಗುಣವನ್ನೇ ಬಳಸಿ ಬಿಸಿ ಹಾಲಿಗೆ ಶುಂಠಿ ರಸ ಬೆರೆಸಿ ಗಿಣ್ಣಿನಂತಹ ತಿನಿಸು ಮಾಡುತ್ತಾರೆ.) ಒಲೆ ಆರಿಸಿ, ನಾಲ್ಕು ಟೀ ಚಮಚ ಟೀ ಪುಡಿ ಹಾಕಿ ತಟ್ಟೆ ಮುಚ್ಚಿ ನಾಲ್ಕು ನಿಮಿಷ ಬಿಡಬೇಕು. ಪುಡಿ ಹಾಕಿದ ಮೇಲೆ ಕುದಿಸುತ್ತಲೇ ಇದ್ದರೆ ಒಗರು ಇಳಿದು ನಾಲಗೆ ಹಿಡಿಯುತ್ತದೆ. ತಣ್ಣಗಾದಾಗ ಆ ಒಗರು ಮತ್ತಷ್ಟು ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಸಾಸಿವೆ ಕಾಳಿನಂತಹ ಪುಡಿ ಬೇಗನೆ ರಸ ಬಿಡುತ್ತದೆ. ಎಲೆಯನ್ನು ಅರೆದು, ಹರಿದು, ಸುರುಳಿಗೊಳಿಸುವ ಆ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನ ತೋಟದಲ್ಲಿ ಹುಟ್ಟಿತು. ಟೀ ಬಡವರ ಮನೆಯ ವಸ್ತುವಾದದ್ದು ಬಹುಮಟ್ಟಿಗೆ ಅದರಿಂದಲೇ.

ಸೋಸಿದ ಬಿಸಿ ಡಿಕಾಕ್ಷನ್ನಿಗೇ ನಾಲ್ಕು ದೊಡ್ಡ ಚಮಚ ಪುಡಿ ಬೆಲ್ಲವನ್ನು ಹಾಕಿ ಕರಗಿಸಿ, ತೆಳುವಾದ ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿದರೆ ಬೆಲ್ಲದ ಕಸ, ಮರಳು ನಿಲ್ಲುತ್ತವೆ. ಇದು ಪೂರ್ತಿ ಆರಬೇಕು. ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟ ಹಾಲು ಇಷ್ಟೇ ಪ್ರಮಾಣ ಬೇಕು. ಡೈರಿಗೆ ಹಾಕುವ ಮನೆಗಳಲ್ಲಿ ಕರೆದ ಹಾಲನ್ನು ಹಾಗೆಯೇ ಬಳಸುವುದು ಸಲ್ಲ, ಒಮ್ಮೆ ಉಕ್ಕಿಸಲೇಬೇಕು.

ನೊರೆಗೆ ಪಟ್ಟಣದ ಯಂತ್ರ ಬೇಡ. ಕಡಗೋಲು ಇದ್ದರೆ ಸಾಕು. ತಣ್ಣನೆಯ ಹಾಲನ್ನು ಎತ್ತರದ ಪಾತ್ರೆಯಲ್ಲಿ ಹಾಕಿ, ಮಜ್ಜಿಗೆ ಕಡೆಯುವಂತೆ ಎರಡು ನಿಮಿಷ ಕಡೆದರೆ ಬೆರಳುದ್ದ ನೊರೆ ಏಳುತ್ತದೆ. ಕೆನೆ ತೆಗೆದ ಹಾಲಿನಲ್ಲಿ ನೊರೆ ಹೆಚ್ಚು. ಕೆನೆಹಾಲಿನಲ್ಲಿ ಕಡಿಮೆ, ರುಚಿ ಹೆಚ್ಚು. ಯಾವುದು ಬೇಕೆಂಬುದು ಮನೆಯವರ ಇಚ್ಛೆ. ಲೋಟಕ್ಕೆ ಮೊದಲು ಮಂಜುಗಡ್ಡೆ, ಮೇಲೆ ಡಿಕಾಕ್ಷನ್, ಕಡೆಗೆ ನೊರೆಹಾಲು. ಕರಗಿದ ಮಂಜು ಪಾನೀಯವನ್ನು ನೀರಾಗಿಸುವುದೆಂದು ಆಕ್ಷೇಪವಿದ್ದರೆ, ಸ್ವಲ್ಪ ಡಿಕಾಕ್ಷನ್ನನ್ನೇ ಮಂಜುಗಡ್ಡೆಯ ಅಚ್ಚಿನಲ್ಲಿ ಗಟ್ಟಿಮಾಡಿ ಹಾಕಬಹುದು. ಬೆಂಗಳೂರಿನ ಅಂಗಡಿಗಳಲ್ಲಿ ನೂರಾರು ರೂಪಾಯಿ ತೆರುವ ಈ ಲೋಟಕ್ಕೆ ಮನೆಯಲ್ಲಿ ಹತ್ತು ರೂಪಾಯಿ ಹಿಡಿದರೆ ಹೆಚ್ಚು.

ಸಂತೆಯ ಐಸ್ ಗಾಡಿಯ ಮಂಜುಗಡ್ಡೆಯನ್ನು ಮಾತ್ರ ಮನೆಗೆ ತರಬೇಡಿರಿ. ಗೋಣಿತಾಟಿನಲ್ಲಿ ಸುತ್ತಿ ನೆಲದ ಮೇಲೆ ಎಳೆದು ತರುವ ದಿಮ್ಮಿ ಯಾವ ನೀರಿನದೋ ಯಾರು ಬಲ್ಲರು? ನೀರು ಗಟ್ಟಿಯಾದ ಮಾತ್ರಕ್ಕೆ ಅದರೊಳಗಿನ ರೋಗಾಣುಗಳು ಸಾಯುವುದಿಲ್ಲ. ಕುದಿಸಿ ಆರಿಸಿದ ನೀರಿನಿಂದ ಮನೆಯಲ್ಲಿಯೇ ಮಾಡಿಕೊಳ್ಳುವುದು ಲೇಸು. ಫ್ರಿಜ್ ಇಲ್ಲದ ಮನೆಯವರು ಡಿಕಾಕ್ಷನ್ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ, ನೀರು ತುಂಬಿದ ಮಣ್ಣಿನ ಹರವಿಯ ಮಗ್ಗುಲಲ್ಲಿ ಗಾಳಿಗೆ ಇಟ್ಟರೆ ಹದವಾದ ತಂಪು ಬರುತ್ತದೆ. ಆದರೆ ಹಾಲು ಬೆರೆಸಿದ್ದನ್ನು ಬೇಸಗೆಯಲ್ಲಿ ಹಾಗೆ ಇಡಲಾಗದು, ಬೆರೆಸಿದ ಕೂಡಲೇ ಕುಡಿದು ಮುಗಿಸಬೇಕು.

ಎರಡನೆಯ ಪ್ರಶ್ನೆಗೆ ಬರೋಣ. ನಮ್ಮ ಮನೆಗಳದು ಸಸ್ಯಾಹಾರ. ರಕ್ತಕ್ಕೆ ಬೇಕಾದ ಕಬ್ಬಿಣಾಂಶ ನಮಗೆ ದೊರೆಯುವುದು ರಾಗಿ, ಹುರುಳಿ, ಅಲಸಂದೆ, ನುಗ್ಗೆಸೊಪ್ಪು, ದಂಟಿನ ಸೊಪ್ಪುಗಳಿಂದಲೇ. ಸಸ್ಯಮೂಲದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೇ ಅಲ್ಪ. ಟೀಯ ಒಗರಿನ ಅಂಶ ಅದನ್ನು ಹಿಡಿದು ಕಟ್ಟಿ ಆ ಅಲ್ಪವನ್ನೂ ತಡೆಯುತ್ತದೆ. ಟೀ ಬಿಸಿಯಾಗಿದ್ದರೂ ಅಷ್ಟೆ, ತಣ್ಣಗಿದ್ದರೂ ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ಎಲ್ಲರಿಗೂ ಬಡಿಸಿ, ಕಡೆಗೆ ತಾನು ಉಂಡು, ಕೈತೊಳೆದ ಕೂಡಲೇ ಒಂದು ಲೋಟ ಟೀ ಕುಡಿದು ಮತ್ತೆ ಕೆಲಸಕ್ಕೆ ಏಳುವ ಸೊಸೆಯಂದಿರನ್ನು ನಮ್ಮ ಸೀಮೆಯ ಮನೆಮನೆಯಲ್ಲಿ ಕಾಣುತ್ತೇವೆ. ಮುದ್ದೆ, ಸೊಪ್ಪಿನ ಸಾರು ಉಂಡ ಪ್ರಯೋಜನವನ್ನು ಆ ಲೋಟವೇ ಕಿತ್ತುಕೊಳ್ಳುತ್ತದೆ. ಅವರಿಗೆ ಟೀ ಬೇಡವೆಂದು ನಾನು ಹೇಳುತ್ತಿಲ್ಲ. ದಣಿದವರ ಒಂದು ಲೋಟ ಟೀಯನ್ನು ಕಸಿಯುವ ಹಕ್ಕು ಯಾರಿಗಿದೆ? ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ ಎಂಬುದಷ್ಟೇ ನನ್ನ ಮಾತು. ಆ ಒಂದು ಗಂಟೆ ಅವರು ಕುಳಿತು ವಿಶ್ರಮಿಸುವಂತೆ ನೋಡಿಕೊಳ್ಳುವುದು ಅತ್ತೆಯಂದಿರ ಕೈಯಲ್ಲಿದೆ, ಗಂಡಸರ ಕೈಯಲ್ಲಿಯೂ ಇದೆ. ಊಟದ ಜೊತೆಗೆ ಏನಾದರೂ ತಂಪು ಬೇಕೆನಿಸಿದರೆ ನಿಂಬೆಹಣ್ಣಿನ ಪಾನಕ ಮಾಡಿರಿ. ನಿಂಬೆಯ ಹುಳಿ ಕಬ್ಬಿಣಾಂಶವನ್ನು ದೇಹಕ್ಕೆ ಸೇರಿಸಲು ನೆರವಾಗುತ್ತದೆ. ಬಸುರಿಯರು, ಬಾಣಂತಿಯರು ಕಬ್ಬಿಣದ ಮಾತ್ರೆಯನ್ನು ಟೀಯೊಡನೆ ನುಂಗಲೇಬಾರದು.

ಸಕ್ಕರೆ ಕಾಯಿಲೆಯುಳ್ಳ ಹಿರಿಯರು ‘ಬೆಲ್ಲವಾದರೆ ಚಿಂತೆಯಿಲ್ಲ’ ಎಂದು ಹೇಳುವುದನ್ನು ಕೇಳುತ್ತೇವೆ. ಅದು ಸರಿಯಲ್ಲ. ಅವರ ಲೋಟಕ್ಕೆ ಬೆಲ್ಲವಿಲ್ಲದ ಡಿಕಾಕ್ಷನ್ನನ್ನು ಮೊದಲೇ ತೆಗೆದಿಡಿರಿ, ಏಲಕ್ಕಿಯ ಪರಿಮಳ ಹೇಗೂ ಇರುತ್ತದೆ.

ಸಣ್ಣ ಮಕ್ಕಳಿಗೆ ಟೀ ಬೇಡ. ನಿದ್ದೆ ಕೆಡುತ್ತದೆ, ಹಸಿವೂ ಕೆಡುತ್ತದೆ. ಹಾಗೆಂದು ದೊಡ್ಡವರು ನೊರೆಯ ಲೋಟ ಹಿಡಿದು ಕುಳಿತಾಗ ಮಕ್ಕಳನ್ನು ಬರಿಗೈಯಲ್ಲಿ ಕೂರಿಸುವುದೂ ನ್ಯಾಯವಲ್ಲ. ಲೋಟಕ್ಕೆ ಎರಡು ಚಮಚ ರಾಗಿ ಹುರಿಹಿಟ್ಟನ್ನು ಬೆಲ್ಲದ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅದೇ ಕಡಗೋಲಿನಿಂದ ಕಡೆದ ತಣ್ಣನೆಯ ಹಾಲನ್ನು ಮೇಲೆ ಸುರಿದು ಕೊಡಿರಿ. ಬಣ್ಣವೂ ಹೆಚ್ಚುಕಡಿಮೆ ಟೀಯದೇ, ನೊರೆಯೂ ಅದೇ. ಬೆಂಗಳೂರಿನ ಮೊಮ್ಮಕ್ಕಳು ಇದಕ್ಕೆ ಬೇರೆ ಹೆಸರಿಟ್ಟುಕೊಳ್ಳಲಿ.

ಸೋಸಿ ಉಳಿದ ಟೀಯ ಚರಟವನ್ನು ಚೆಲ್ಲಬೇಕಾಗಿಲ್ಲ. ಮೇಲೆ ಹೇಳಿದ ಕ್ರಮದಲ್ಲಿ ಅದಕ್ಕೆ ಹಾಲಾಗಲೀ ಬೆಲ್ಲವಾಗಲೀ ಸೋಕಿರುವುದಿಲ್ಲ, ಆದಕಾರಣ ಇರುವೆ ಮುತ್ತುವುದಿಲ್ಲ. ಶುಂಠಿಯ ಚೂರುಗಳನ್ನು ಆರಿಸಿ ತೆಗೆದು, ಗುಲಾಬಿಯ ಬುಡಕ್ಕೆ ಹಾಕಿ ಮೇಲೆ ಹಿಡಿ ಮಣ್ಣು ಮುಚ್ಚಿರಿ.