ಸರ್ವ ಸದಸ್ಯರೂ ತಪ್ಪದೆ

ಸಂಘದ ನೋಟೀಸು ಬರೆಯುವವರಿಗೆ ಮನೆಯಲ್ಲಿ ಒಬ್ಬ ಹೆಂಡತಿ ಇರುತ್ತಾಳೆ. ಇದು ನನ್ನ ಬಹಳ ವರ್ಷಗಳ ಅನುಮಾನ. ಈಗ ಖಾತ್ರಿಯೇ ಆಗಿದೆ. ಇಲ್ಲದಿದ್ದರೆ ‘ಶನಿವಾರ ಸಂಜೆ 5-30ಕ್ಕೆ ಅಧ್ಯಾಪಕರ ಸಂಘದ ತುರ್ತು ಸಭೆ, ಸರ್ವ ಸದಸ್ಯರೂ ತಪ್ಪದೆ ಹಾಜರಾಗತಕ್ಕದ್ದು’ ಎಂದು ಯಾರೂ ಅಷ್ಟು ನಿಶ್ಚಿಂತೆಯಿಂದ ಬರೆಯಲಾರರು. ಐದೂವರೆ ಎಂದರೆ ಆರೂಕಾಲಿಗೆ ಶುರು. ಅಧ್ಯಕ್ಷರ ಪ್ರಾಸ್ತಾವಿಕ ಮುಗಿಯುವಾಗ ಏಳು ಗಂಟೆ. ಹೋದ ಸಭೆಯಲ್ಲಿ ಯಾರು ಯಾರಿಗೆ ಏನಂದರು ಎಂಬ ಜಗಳ ಹರಿದು ವಿಷಯಕ್ಕೆ ಬರುವ ಹೊತ್ತಿಗೆ, ಪಕ್ಕದ ಊರಿಗೆ ಹೋಗುವ ಕಡೆಯ ಬಸ್ಸು ಹೊರಟುಹೋಗಿರುತ್ತದೆ. ಅಷ್ಟು ಹೊತ್ತಿಗೆ ಸರ್ವ ಸದಸ್ಯರಲ್ಲಿ ಅರ್ಧ ಜನ ಮನೆಗಳಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಿರುತ್ತಾರೆ. ಮರುದಿನ ಸ್ಟಾಫ್ ರೂಮಿನಲ್ಲಿ ಮಾತು ಬರುತ್ತದೆ: ‘ಲೇಡೀಸ್‌ಗೆ ಸಂಘಟನೆಯಲ್ಲಿ ಆಸಕ್ತಿಯೇ ಇಲ್ಲ ಬಿಡಿ.’

ಆಸಕ್ತಿ! ಸಂಘದ ವಾರ್ಷಿಕೋತ್ಸವಕ್ಕೆ ಮಾತ್ರ ನಮ್ಮ ಆಸಕ್ತಿ ತಾನಾಗಿಯೇ ನೆನಪಾಗುತ್ತದೆ ನೋಡಿ. ಪ್ರಾರ್ಥನೆ ಯಾರದು? ಕನ್ನಡದ ಮೇಡಂ. ವೇದಿಕೆಯ ಮೇಲಿನವರಿಗೆ ಹೂಗುಚ್ಛ? ಹೋಮ್ ಸೈನ್ಸಿನ ಮೇಡಂ. ವಂದನಾರ್ಪಣೆಗೆ ಇನ್ನೊಬ್ಬ ಮೇಡಂ. ಕಾರ್ಯದರ್ಶಿ, ಖಜಾಂಚಿ, ಮಂತ್ರಿಗಳನ್ನು ಭೇಟಿಯಾಗಲು ಬೆಂಗಳೂರಿಗೆ ಹೋಗುವ ನಿಯೋಗ, ಇವೆಲ್ಲ ‘ಓಡಾಟದ ಕೆಲಸ’, ನಮಗೆ ತೊಂದರೆಯಾಗಬಾರದು ಎಂಬ ಕಾಳಜಿ ಅವರದು. ಬೆಳಗ್ಗೆ ಐದಕ್ಕೆ ಎದ್ದು, ತಿಂಡಿ ಮಾಡಿ, ಡಬ್ಬಿ ಕಟ್ಟಿ, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುವವಳಿಗೆ ಓಡಾಟ ಎಂದರೇನು ಎಂದು ಇವರಿಂದ ತಿಳಿಯಬೇಕಾಗಿದೆ.

ಇದು ಬರೀ ಮಾನ ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾನು ಪೆನ್ನು ಎತ್ತುತ್ತಿರಲಿಲ್ಲ. ಯಾರು ಸಭೆಯಲ್ಲಿ ಕೂತಿರುತ್ತಾರೋ ಅವರ ಕಷ್ಟ ಬೇಡಿಕೆ ಪಟ್ಟಿಗೆ ಹೋಗುತ್ತದೆ. ಕೂರದವರ ಕಷ್ಟಕ್ಕೆ ‘ವೈಯಕ್ತಿಕ’ ಎಂಬ ಹೆಸರು ಬೀಳುತ್ತದೆ. ತೊಡಕಿರುವುದು ಇಲ್ಲಿ.

ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಕಥೆ ನಿಮಗೆ ಗೊತ್ತೇ ಇದೆ. (ಅತಿಥಿಗಳಂತೆ! ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿಯುವ ಅತಿಥಿಯನ್ನು ಬೇರೆಲ್ಲಿಯೂ ನಾನು ಕಂಡಿಲ್ಲ.) 2021ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿ ಬೀದಿಗೆ ಬಂದಾಗ ರಾಜ್ಯದಲ್ಲಿ ಸುಮಾರು 14,000 ಜನರಿದ್ದರು. ಎನ್‌ಇಟಿ, ಪಿಎಚ್‌.ಡಿ. ಮಾಡಿದವರಿಗೆ ತಿಂಗಳಿಗೆ 13,000, ಉಳಿದವರಿಗೆ 11,000 ರೂಪಾಯಿ. ರಜೆಯ ತಿಂಗಳಿಗೆ ಅದೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಪಾಠ ಮಾಡುವ ಕಾಯಂ ಅಧ್ಯಾಪಕರಿಗೆ ಯುಜಿಸಿ ಶ್ರೇಣಿಯ ಸಂಬಳ. 2022ರ ಜನವರಿಯಲ್ಲಿ ಸರ್ಕಾರ ಮಣಿಯಿತು. ಅರ್ಹತೆ, ಸೇವೆ ನೋಡಿ 26,000ದಿಂದ 32,000ದವರೆಗೆ ಗೌರವಧನ ಎಂದಿತು. ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬಂತು.

ಸಣ್ಣಕ್ಷರದಲ್ಲಿ ಬಂದದ್ದು ಇನ್ನೊಂದು. ಅಲ್ಲಿಯವರೆಗೆ ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಕಾರ್ಯಭಾರ ಹದಿನೈದಾಯಿತು. ಗಂಟೆ ಹೆಚ್ಚಾದರೆ ತಲೆ ಕಡಿಮೆ ಸಾಕು. ಇದಕ್ಕೆ ಗಣಿತದ ಮೇಡಂ ಬೇಕಾಗಿಲ್ಲ. ಸಾವಿರಾರು ಜನ ಹೊರಬಿದ್ದರು. ಉಳಿದವರು ಕೌನ್ಸೆಲಿಂಗಿನಲ್ಲಿ ಸಿಕ್ಕ ಊರಿಗೆ ಹೋಗಬೇಕು. ಗಂಡಸಾದರೆ ಒಂದು ರೂಮು ಹಿಡಿದು ಹೇಗೋ ಇರುತ್ತಾನೆ. ಅತ್ತೆಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡಬೇಕಾದವಳು, ಮಗನನ್ನು ಶಾಲೆಯ ವ್ಯಾನಿಗೆ ಹತ್ತಿಸಬೇಕಾದವಳು ಎಂಬತ್ತು ಮೈಲಿ ಆಚೆಯ ಊರಿನ ಹೆಸರು ನೋಡಿ ಏನು ಮಾಡಬೇಕು? ಸುಮ್ಮನೆ ಬಿಟ್ಟಳು. ಅವಳು ಬಿಟ್ಟದ್ದು ಯಾವ ಲೆಕ್ಕಕ್ಕೂ ಬರಲಿಲ್ಲ, ಏಕೆಂದರೆ ಅವಳನ್ನು ಯಾರೂ ತೆಗೆದಿರಲಿಲ್ಲವಲ್ಲ! ಮುಂದೆ 2023ರ ನವೆಂಬರಿನಿಂದ ಮತ್ತೆ ಮುಷ್ಕರ, 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಸೇವೆಯ ಪ್ರಕಾರ 5,000ದಿಂದ 8,000ದಷ್ಟು ಹೆಚ್ಚಳ ಸಿಕ್ಕಿತು. ಕೇಳಿದ ಕಾಯಮಾತಿ ಸಿಗಲಿಲ್ಲ. ಆ ಚಳಿಯಲ್ಲಿ ಹೆದ್ದಾರಿಯುದ್ದಕ್ಕೂ ನಡೆದವರಲ್ಲಿ ಹೆಂಗಸರೂ ಇದ್ದರು. ಆಸಕ್ತಿ ಇಲ್ಲದವರು ಯಾರೂ ಅಷ್ಟು ದೂರ ನಡೆಯುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಒಬ್ಬ ಅತಿಥಿ ಉಪನ್ಯಾಸಕಿ ಏಳು ತಿಂಗಳ ಬಸುರಿ. ರಜೆ ಕೇಳಿದರೆ ಬಂದ ಉತ್ತರ: ‘ಆರಾಮಾಗಿ ಹೆರಿಗೆ ಮುಗಿಸಿಕೊಂಡು ಬನ್ನಮ್ಮ, ಆಗ ಜಾಗ ಖಾಲಿ ಇದ್ದರೆ ನೋಡೋಣ.’ ಎಷ್ಟು ಮೃದುವಾದ ಮಾತು! ಕೆಲಸದಿಂದ ತೆಗೆದದ್ದು ಎಂದು ಅವಳಿಗೆ ಮನೆಗೆ ಹೋದ ಮೇಲೆ ಹೊಳೆದಿರಬೇಕು. ಸಂಘದ ಪದಾಧಿಕಾರಿಯೊಬ್ಬರನ್ನು ಕೇಳಿದೆ. ‘ಮೇಡಂ, ಇದು ಒಬ್ಬರ ಪರ್ಸನಲ್ ವಿಷಯ, ಅಜೆಂಡಾಕ್ಕೆ ಹೇಗೆ ತರೋದು?’ ಎಂದರು. ದೆಹಲಿ ನಗರಪಾಲಿಕೆಯಲ್ಲಿ ಮಸ್ಟರ್ ರೋಲಿನ ಮೇಲೆ ಗುಂಡಿ ಅಗೆಯುತ್ತಿದ್ದ, ರಸ್ತೆ ಹಾಕುತ್ತಿದ್ದ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2000ದಲ್ಲಿ. ಆ ಹೆಂಗಸರ ಪರವಾಗಿ ಹೋರಾಡಿದ್ದು ಅವರ ಯೂನಿಯನ್ನು. ಮೊದಲ ಎರಡು ಹೆರಿಗೆಗೆ ರಜೆ 26 ವಾರ ಎಂದು ಕಾನೂನು ಬದಲಾದದ್ದು 2017ರಲ್ಲಿ. ಗುದ್ದಲಿ ಹಿಡಿದವಳ ಬಸುರು ಯೂನಿಯನ್ನಿನ ವಿಷಯವಾದರೆ, ಚಾಕ್‌ಪೀಸು ಹಿಡಿದವಳ ಬಸುರು ಪರ್ಸನಲ್ ಆಗುವುದು ಹೇಗೆ? ತೀರ್ಪಿನ ಪ್ರತಿ ಹಿಡಿದು ಒಬ್ಬಳೇ ಪ್ರಾಂಶುಪಾಲರ ಕೋಣೆಗೆ ಹೋಗಿ ವಾದಿಸಲು ಅವಳಿಗೆ ಧೈರ್ಯ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸಂಘ ಇರುವುದು ಮತ್ತೆ ಯಾವುದಕ್ಕೆ?

2022ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಬೋಧನಾ ಸಹಾಯಕರು, ಸಂಶೋಧಕರು ಮುಷ್ಕರ ಹೂಡಿದಾಗ, ಸಂಬಳದ ಬೇಡಿಕೆಯ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಖರ್ಚೂ ಇತ್ತು. ಅವರಿದ್ದ ಯೂನಿಯನ್ನು ಮೂಲದಲ್ಲಿ ಮೋಟಾರು ಕಾರ್ಖಾನೆಯ ಕಾರ್ಮಿಕರದು. ಪಿಎಚ್‌.ಡಿ. ಮಾಡುವವರಿಗೆ ಕಾರು ಜೋಡಿಸುವವರ ಪಕ್ಕ ನಿಲ್ಲಲು ನಾಚಿಕೆಯಾಗಲಿಲ್ಲ. ನಮಗೆ ಆಗುತ್ತದೆ.

ಈ ನಾಚಿಕೆಯ ವಿಚಾರದಲ್ಲಿ ಗಂಡಸರನ್ನಷ್ಟೇ ಬೈದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಕಾಯಂ ಆದ ನಮ್ಮ ಅಕ್ಕಂದಿರು ಏನು ಮಾಡುತ್ತಿದ್ದೇವೆ? ಅತಿಥಿಗಳ ಮನವಿಗೆ ಸಹಿ ಕೇಳಿದರೆ ‘ನಮ್ಮನ್ನು ಯಾಕೆ ಎಳೀತೀರಿ’ ಎನ್ನುತ್ತೇವೆ. ಮಧ್ಯಾಹ್ನ ಅವರ ಡಬ್ಬಿಯ ಚಿತ್ರಾನ್ನ ಬೇಕು, ಮೌಲ್ಯಮಾಪನದ ಕಟ್ಟು ಅವರೂ ಹಂಚಿಕೊಳ್ಳಬೇಕು, ಸಹಿ ಮಾತ್ರ ಬೇಡ. ‘ನಾವೇನು ಕೂಲಿಯವರೇ, ಗುರುಗಳು’ ಎಂದು ಒಬ್ಬರು ನನಗೇ ಹೇಳಿದರು. ಸ್ವಾಮಿ, ಆ ಗುರು ಪಟ್ಟದ ಬೆಲೆ ಕೋರ್ಟಿನಲ್ಲಿ ಎಷ್ಟು ಬಿತ್ತು ಗೊತ್ತೇ? ನಮ್ಮ ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ, 1978ರಲ್ಲಿ, ವಿಶ್ವವಿದ್ಯಾಲಯವೂ ಕಾರ್ಮಿಕ ಕಾನೂನಿನ ಲೆಕ್ಕದಲ್ಲಿ ‘ಉದ್ಯಮ’ವೇ ಎಂದು ಸುಪ್ರೀಂ ಕೋರ್ಟು ಹೇಳಿತು. ಹತ್ತು ವರ್ಷದ ಮೇಲೆ, 1988ರಲ್ಲಿ, ಕೆಲಸ ಕಳೆದುಕೊಂಡ ಗೋವೆಯ ಒಬ್ಬ ಶಿಕ್ಷಕಿ ಅದೇ ಕಾನೂನಿನ ಬಾಗಿಲು ತಟ್ಟಿದರೆ, ಪಾಠ ಹೇಳುವುದು ಉದಾತ್ತ ಕಾರ್ಯ, ಶಿಕ್ಷಕರು ‘ಕೆಲಸಗಾರ’ರಲ್ಲ ಎಂದಿತು. ಗಂಟೆ ಬಾರಿಸುವ ಜವಾನನಿಗಿದ್ದ ದಾರಿ ಗಂಟೆಗೆ ಸರಿಯಾಗಿ ಪಾಠ ಮಾಡುವವಳಿಗೆ ಇಲ್ಲ. ಪೂಜೆ ಮಾಡಿ ಕೂರಿಸುವುದು ಎಂದರೆ ಇದೇ. ಹೆಂಗಸರಾದ ನಮಗೆ ಇದರ ಅನುಭವ ಮನೆಯಿಂದಲೇ ಇರಬೇಕಲ್ಲ.

ಇನ್ನು, ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯಿದೆಯ ಪ್ರಕಾರ ಪ್ರತಿ ಕಾಲೇಜಿನಲ್ಲೂ ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧವಾದರೂ ಮಹಿಳೆಯರು. ಸಮಿತಿಯ ಸದಸ್ಯರು ಯಾರು ಎಂಬುದನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ನಿಮ್ಮ ಕಾಲೇಜಿನ ಬೋರ್ಡಿನಲ್ಲಿ ಅದು ಎಲ್ಲಿದೆ ಎಂದು ನಾಳೆ ಹೋದಾಗ ಒಮ್ಮೆ ನೋಡಿ. ಹಳೆಯ ಕ್ರಿಕೆಟ್ ಪಂದ್ಯದ ಪಟ್ಟಿಯ ಕೆಳಗೆ ಇದ್ದರೂ ಇರಬಹುದು.

ನೋಟೀಸನ್ನು ನಾವೇ ಬರೆಯಬೇಕು ಎನ್ನುವುದು ನನ್ನ ಜಗಳದ ತಿರುಳು. ಹೆಂಗಸರದೇ ಬೇರೆ ಸಂಘ ಬೇಡ. ಅದಾದರೆ ಅವರಿಗೇ ಅನುಕೂಲ, ‘ಅದು ನಿಮ್ಮ ಮಹಿಳಾ ಘಟಕದಲ್ಲಿ ಹೇಳಿ’ ಎಂದು ಸಾಗಹಾಕುತ್ತಾರೆ. ಇರುವ ಸಂಘದಲ್ಲೇ, ಇರುವ ಬೋರ್ಡಿನ ಮೇಲೇ. ಚಂದಾ ಕೊಟ್ಟವರು ಸಭೆ ಕರೆಯಿರಿ ಎಂದು ಬರೆದು ಕೇಳಲಿ. ಸಂಘದ ಬೈಲಾ ಪುಸ್ತಕ ತರಿಸಿಕೊಂಡು, ಎಷ್ಟು ಜನ ಸಹಿ ಹಾಕಿದರೆ ವಿಶೇಷ ಸಭೆ ಕರೆಯಲೇಬೇಕು ಎಂಬ ಕಲಮು ಹುಡುಕಿ. ಅದನ್ನು ಓದಿದವರು ನಮ್ಮಲ್ಲಿ ಕಡಿಮೆ, ಅವರಲ್ಲಿ ಇನ್ನೂ ಕಡಿಮೆ. ಮಕ್ಕಳು ಬಂದರೆ ಗಲಾಟೆ ಎಂದರೆ, ಬರಲಿ ಬಿಡಿ. ಅಧ್ಯಕ್ಷರ ಭಾಷಣ ಸ್ವಲ್ಪ ಬೇಗ ಮುಗಿಯುತ್ತದೆ.

ನಾವು ಮೂವರು ಕೂತು ಒಂದು ಕರಡು ಮಾಡಿದ್ದೇವೆ. ಒಬ್ಬರು ಕಾಯಂ, ಇಬ್ಬರು ಅತಿಥಿಗಳು. ಬೇಕಾದವರು ನಕಲು ಮಾಡಿಕೊಳ್ಳಬಹುದು:

‘ಅಧ್ಯಾಪಕರ ಸಂಘದ ಸಭೆ. ಬುಧವಾರ ಮಧ್ಯಾಹ್ನ ಊಟದ ವೇಳೆ 1-15ರಿಂದ 2-00. ಸ್ಥಳ: ಎರಡನೇ ನಂಬರು ಕೋಣೆ. ವಿಷಯ: ಒಂದು, ಅತಿಥಿ ಉಪನ್ಯಾಸಕಿಯರ ಹೆರಿಗೆ ರಜೆ, ರಜೆಯ ನಂತರ ಅದೇ ಜಾಗ. ಎರಡು, ಕೌನ್ಸೆಲಿಂಗಿನಲ್ಲಿ ದೂರದ ಊರು ಬಿದ್ದವರ ಪಟ್ಟಿ. ಮೂರು, ಕಿರುಕುಳ ದೂರು ಸಮಿತಿಯವರ ಹೆಸರು ಬೋರ್ಡಿನ ಮೇಲೆ. ನಾಲ್ಕು, ಸಂಘದ ಹಣದ ಲೆಕ್ಕ. ಊಟ ತರಬಹುದು. ಮಕ್ಕಳನ್ನೂ ತರಬಹುದು. ಸ್ವಾಗತ ಗೀತೆ ಇರುವುದಿಲ್ಲ.’